ಅಯ್ಯೋ ಪಾಪ

ನಂದಿ ಬೆಟ್ಟದ ಸೂರ್ಯೋದಯ ನೋಡೋಕೆ ಅಂತ ಬೆಳಗಿನ ಜಾವ ನಾಲ್ಕಕ್ಕೇ ಬೈಕು ಹತ್ತುವ ನಾವು ರಾಜಘಟ್ಟದ ಕಡೆ ಗಾಡಿ ತಿರುಗಿಸೋದು ಅಪರೂಪ. ತಿರುಗಿಸಿದರೂ ಸೆಲ್ಫಿಗೆ ಸಿಗುವಂಥದ್ದು ಅಲ್ಲಿ ಹೆಚ್ಚೇನಿಲ್ಲ. ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಹಳ್ಳಿ. ಕೆರೆ, ಹೊಲ, ಜೊತೆಗೆ ಊರವರು ಬೂದಿಗುಂಡಿ ಅಂತ ಕರೆಯುತ್ತ ಬಂದ ಒಂದು ಜಾಗ. 2001ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದವರು ಪ್ರೊ. ಎಂ.ಎಸ್. ಕೃಷ್ಣಮೂರ್ತಿಯವರ ನೇತೃತ್ವದಲ್ಲಿ ಅಲ್ಲಿ ಅಗೆದಾಗ ಬೌದ್ಧರ ಚೈತ್ಯ, ವಿಹಾರದ ಅವಶೇಷ ಸಿಕ್ಕವು. ಅವುಗಳ ಜೊತೆ ಹರಕೆಗೆ ಅಂತ ಮಾಡಿದ ಮಣ್ಣಿನ ಪುಟ್ಟ ಪುಟ್ಟ ಸ್ತೂಪಗಳೂ ಸಿಕ್ಕವು. ಆ ಸ್ತೂಪದ ಹೊಟ್ಟೆಯೊಳಗೆ ಅಕ್ಷರ ಒತ್ತಿದ ಮಣ್ಣಿನ ಬಿಲ್ಲೆ. ಒಡೆದರೆ ಮಾತ್ರ ಕಾಣುತ್ತೆ. ಅಂದರೆ ಬರೆದವರಿಗೆ ಅದನ್ನ ಯಾರಾದರೂ ಓದಬೇಕು ಅನ್ನೋ ಆಸೆ ಇರಲಿಲ್ಲ. ಇದ್ದರೆ ಸಾಕು ಅಂತ ಒಳಗಿಟ್ಟಿದ್ದು.

ಬಿಲ್ಲೆಯಲ್ಲಿರೋದು ಬೌದ್ಧ ಜಗತ್ತಿನ ಉದ್ದಗಲಕ್ಕೂ ಸಿಗುವ ಒಂದು ಪುಟ್ಟ ಸೂತ್ರ. ಅದರ ತಿರುಳು ಇಷ್ಟು: ಇರೋದೆಲ್ಲ ಯಾವುದೋ ಕಾರಣದಿಂದ ಹುಟ್ಟಿದ್ದು, ಆ ಕಾರಣ ಯಾವುದು ಅಂತ ಬುದ್ಧ ಹೇಳಿದ್ದಾನೆ, ಅದು ನಿಲ್ಲೋದು ಹೇಗೆ ಅಂತಲೂ ಹೇಳಿದ್ದಾನೆ. ಅಷ್ಟೇ. ಗಮನಿಸಿ, ಇಲ್ಲಿ ನ್ಯಾಯಾಧೀಶ ಇಲ್ಲ. ತಪ್ಪು ಒಪ್ಪು ಬರೆದಿಡುವ ಚಿತ್ರಗುಪ್ತನೂ ಇಲ್ಲ. ಬೀಜ ಹಾಕಿದರೆ ಮೊಳಕೆ ಬರುತ್ತೆ, ಬೆಂಕಿಗೆ ಕೈ ಇಟ್ಟರೆ ಸುಡುತ್ತೆ. ಬೆಂಕಿಗೆ ನಿಮ್ಮ ಮೇಲೆ ಸಿಟ್ಟೇನೂ ಇರಲ್ಲ.

ಕ್ರೈಸ್ತರ ಪಾಪ, ತೀರ್ಪು, ಕರುಣೆಯ ಬಗ್ಗೆ ಬರೆಯೋಕೆ ಕೂತವನು ಬೌದ್ಧರ ದಿಬ್ಬದ ಮೇಲೆ ಯಾಕೆ ನಿಂತಿದ್ದಾನೆ ಅಂತ ನಿಮಗನ್ನಿಸಬಹುದು. ಕಾರಣ ಇದೆ. ‘ದೇವರು ತೀರ್ಪು ಕೊಡ್ತಾನೆ’ ಅನ್ನೋ ಮಾತು ಕೇಳಿದ ತಕ್ಷಣ ನಮ್ಮ ವಯಸ್ಸಿನವರು ಮುಖ ಕಿವುಚುತ್ತಾರೆ. ಮೇಲೊಬ್ಬ ಕೂತು ನಮ್ಮನ್ನ ಅಳೆಯೋದಾ? ವರ್ಷಕ್ಕೊಂದು ಅಪ್ರೈಸಲ್ ಸಾಲದಾ? ಅದಕ್ಕಿಂತ ಕರ್ಮ ವಾಸಿ, ಅಲ್ಲಿ ಯಾರೂ ಯಾರ ಮೇಲೂ ಕೂತಿಲ್ಲ ಅಂತ. ಸರಿ, ಹಾಗಾದರೆ ಯಾರೂ ಕೂತಿಲ್ಲದ ಕಡೆಯಿಂದಲೇ ಶುರು ಮಾಡೋಣ.

ಅಂಗುಲಿಮಾಲನ ಕಥೆ ಶಾಲೆಯಲ್ಲಿ ಓದಿರ್ತೀರಿ. ಬೆರಳುಗಳನ್ನ ಪೋಣಿಸಿ ಹಾರ ಮಾಡಿಕೊಂಡಿದ್ದ ಕೊಲೆಗಾರ, ಬುದ್ಧನನ್ನ ಕಂಡು ಭಿಕ್ಷು ಆದ. ಪಠ್ಯಪುಸ್ತಕದಲ್ಲಿ ಕಥೆ ಅಲ್ಲಿಗೇ ಮುಗಿಯುತ್ತೆ. ಮೂಲದಲ್ಲಿ ಮುಗಿಯಲ್ಲ. ಹಿಡಿಯೋಕೆ ಬಂದ ರಾಜ, ಇವನು ಭಿಕ್ಷು ಆಗಿರೋದನ್ನ ನೋಡಿ ಸುಮ್ಮನೆ ವಾಪಸ್ ಹೋಗ್ತಾನೆ. ಆದರೆ ಭಿಕ್ಷೆಗೆ ಅಂತ ಊರೊಳಗೆ ಹೋದರೆ ಒಂದು ಕಡೆಯಿಂದ ಕಲ್ಲು, ಇನ್ನೊಂದು ಕಡೆಯಿಂದ ಕೋಲು. ತಲೆ ಒಡೆದು ರಕ್ತ ಸುರಿಸಿಕೊಂಡು, ಒಡೆದ ಭಿಕ್ಷಾಪಾತ್ರೆ ಹಿಡಿದು ವಾಪಸ್ ಬಂದವನಿಗೆ ಬುದ್ಧ ಹೇಳೋದು, ತಾಳ್ಕೋ, ಇದು ನೀನು ಮಾಡಿದ್ದರ ಫಲ ಅಂತ. ಬುದ್ಧನಿಗೆ ಕರುಣೆ ಇರಲಿಲ್ಲ ಅಂತಲ್ಲ. ಊರೆಲ್ಲ ಬಾಗಿಲು ಹಾಕಿಕೊಂಡಾಗ ಅವನನ್ನ ಒಳಗೆ ಕರೆದುಕೊಂಡವನೇ ಬುದ್ಧ. ಆದರೂ ಆ ಕಲ್ಲುಗಳನ್ನ ತಡೆಯುವ ಅಧಿಕಾರ ಯಾರಿಗೂ ಇಲ್ಲ. ಗುರುತ್ವಾಕರ್ಷಣೆಗೆ ಕ್ಷಮಾಪಣೆ ಪತ್ರ ಬರೆದು ಏನು ಪ್ರಯೋಜನ?

ಭಿಕ್ಷುಗಳಿಗೆ ಈ ದಾರಿ ಹಿಡಿಯುವ ತಾಳ್ಮೆ ಇತ್ತು, ಶಿಸ್ತು ಇತ್ತು. ನಾವು ಹಿಡಿದಿರೋದು ಅದರ ಸಿಪ್ಪೆ. ‘ಮಾಡಿದ್ದುಣ್ಣೋ ಮಹಾರಾಯ’ ಅನ್ನೋದು ಹಳೇ ಕನ್ನಡದ ಗಾದೆ, ಅದಕ್ಕೀಗ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಹೊಸ ಅವತಾರ ಬಂದಿದೆ. ಯಾರ ಬ್ರೇಕಪ್ ಆದರೂ, ಯಾರ ಕೆಲಸ ಹೋದರೂ ‘ಕರ್ಮ ನೋಡ್ಕೊಳ್ಳುತ್ತೆ’. ನಾವು ಕರ್ಮದಿಂದ ನ್ಯಾಯಾಧೀಶನನ್ನ ತೆಗೆದಿದ್ದೀವಿ ಅಂದ್ಕೊಂಡಿದ್ದೀವಿ. ನಿಜಕ್ಕೂ ಮಾಡಿರೋದು, ಆ ಕುರ್ಚಿಯಲ್ಲಿ ನಮ್ಮ ಸಿಟ್ಟನ್ನ ಕೂರಿಸಿರೋದು.

ಗೆಳತಿಯೊಬ್ಬಳ ವಿಷಯ ಹೇಳ್ತೀನಿ. ಅವಳ ಟೀಮಿನಲ್ಲಿದ್ದ ಹುಡುಗನೊಬ್ಬ ಅಪ್ಪನ ಆಪರೇಷನ್ ಅಂತ ಅವಳ ಹತ್ತಿರ 1,80,000 ರೂಪಾಯಿ ಸಾಲ ತಗೊಂಡ. ತಂಗಿ ಮದುವೆಗೆ ಅಂತ ಇಟ್ಟಿದ್ದ ದುಡ್ಡು. ಆಪರೇಷನ್ ಯಾವುದೂ ಇರಲಿಲ್ಲ, ಎಲ್ಲ ಆನ್‌ಲೈನ್ ರಮ್ಮಿಗೆ ಹೋಗಿತ್ತು. ಆಫೀಸಿನಲ್ಲಿ ಇನ್ನೂ ಹಲವರ ಹತ್ತಿರ ಹೀಗೇ ಮಾಡಿದ್ದ, ಒಬ್ಬೊಬ್ಬರಿಗೆ ಒಂದೊಂದು ಕಥೆ ಹೇಳಿ. ಒಂದು ದಿನ ಕೆಲಸ ಬಿಟ್ಟು, ಸಿಮ್ ಬದಲಾಯಿಸಿ ಮಾಯ. ಅವನ ಫೋಟೋ, ಚಾಟಿನ ಸ್ಕ್ರೀನ್‌ಶಾಟುಗಳು ನಾಲ್ಕೈದು ಗ್ರೂಪುಗಳಲ್ಲಿ ತಿರುಗಿದವು. ಒಂದೂವರೆ ವರ್ಷ ಆದ ಮೇಲೆ ಹೊಸ ನಂಬರಿನಿಂದ ಅವಳಿಗೆ ಮೆಸೇಜು: ಚಿಕಿತ್ಸೆ ತಗೋತಿದೀನಿ, ಊರಲ್ಲೇ ಸಣ್ಣ ಕೆಲಸ ಹಿಡಿದಿದೀನಿ, ಒಂದ್ಸಲ ಮಾತಾಡಬಹುದಾ ಅಂತ. ಅವಳು ಚರ್ಚಿಗೆ ಹೋಗುವ ಮನೆಯ ಹುಡುಗಿ. ಅಮ್ಮ ಫೋನಿನಲ್ಲಿ, ‘ಕ್ಷಮಿಸ್ಬಿಡು ಮಗಳೇ, ದೇವರು ಅವನನ್ನ ಕ್ಷಮಿಸಿರ್ತಾರೆ’ ಅಂದರಂತೆ. ಇವಳು ಹೇಳಿದ ಉತ್ತರ ನನ್ನ ತಲೆಯಿಂದ ಹೋಗೇ ಇಲ್ಲ: ‘ಅಮ್ಮಾ, ಅವನು ದೇವರ ಹತ್ರ ಸಾಲ ತಗೊಂಡಿಲ್ಲ. ನನ್ನ ಹತ್ರ ತಗೊಂಡಿದ್ದು.’

ಈ ಉತ್ತರದ ಜೊತೆ ಸೆಣಸಾಡದೆ ಕ್ರೈಸ್ತರ ಕರುಣೆಯ ಬಗ್ಗೆ ಮಾತಾಡೋದು ಅಂದರೆ ಬರೀ ಕ್ಯಾಲೆಂಡರ್ ಮೇಲಿನ ಕುರಿಮರಿ ಚಿತ್ರ. ನಾನು ಕ್ರೈಸ್ತನಲ್ಲ. ಆದರೆ ಅವಳ ಮಾತಿಗೆ ಆ ಧರ್ಮದೊಳಗೆ ಏನು ಜವಾಬಿದೆ ಅಂತ ಹುಡುಕುತ್ತ ಹೋದಾಗ, ನಾನು ಅಂದುಕೊಂಡಿದ್ದಕ್ಕಿಂತ ಗಟ್ಟಿಯಾದ ಯೋಚನೆ ಸಿಕ್ತು.

ಮೊದಲು ಪದ. ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಅನ್ನೋ ಲಂಡನ್ ಮಿಷನ್ನಿನವರು ಎರಡು ದಶಕ ಹೆಣಗಾಡಿ 1831ರ ಹೊತ್ತಿಗೆ ಇಡೀ ಬೈಬಲನ್ನ ಕನ್ನಡಕ್ಕೆ ತಂದರು. ಗ್ರೀಕಿನಲ್ಲಿ ‘ಹಮಾರ್ತಿಯ’ ಅಂತ ಇರೋದಕ್ಕೆ ಕನ್ನಡ ಬೈಬಲಿನಲ್ಲಿ ಇವತ್ತಿಗೂ ನಿಂತಿರೋ ಪದ ‘ಪಾಪ’. ಹಮಾರ್ತಿಯ ಅಂದರೆ ಗುರಿ ತಪ್ಪೋದು, ಬಿಲ್ಲುಗಾರನ ಪದ. ಕನ್ನಡದ ಪಾಪ ಅದಕ್ಕಿಂತ ವಿಚಿತ್ರವಾದ ಪದ. ‘ಪಾಪ ಮಾಡಿದ’ ಅಂದರೆ ತೀರ್ಪು. ‘ಪಾಪ, ಬೆಳಗ್ಗಿಂದ ಏನೂ ತಿಂದಿಲ್ಲ’ ಅಂದರೆ ಕರುಣೆ. ಪಾಪಿ ಅಂದರೆ ಕೆಟ್ಟವನು, ಪಾಪದವನು ಅಂದರೆ ಯಾರ ತಂಟೆಗೂ ಹೋಗದವನು. ತೊಟ್ಟಿಲಲ್ಲಿರೋದು ಪಾಪು. ಒಂದೇ ಸದ್ದಿನಲ್ಲಿ ಬೆರಳು ತೋರಿಸೋದೂ ಇದೆ, ಕೈ ಚಾಚೋದೂ ಇದೆ. ಇಂಗ್ಲಿಷಿನವರು ಇದೇ ಕೆಲಸಕ್ಕೆ ಎರಡು ಬೇರೆ ಪದ ಹುಡುಕಬೇಕು. ನಮ್ಮಜ್ಜಿಯರು ಕಳ್ಳನಿಗೆ ಊರವರು ಹೊಡೆಯೋದನ್ನ ನೋಡುತ್ತ, ‘ಅಯ್ಯೋ ಪಾಪ, ಪಾಪಿ ನನ್ಮಗ’ ಅಂತ ಒಂದೇ ಉಸಿರಿನಲ್ಲಿ ಅಂದುಬಿಡ್ತಿದ್ದರು.

ಇನ್ನೊಂದು ಪದ ಕೇಳಿ. ಯೇಸುವಿನ ಕಥೆಗಳಲ್ಲಿ ಯಾರಾದರೂ ಕನಿಕರಪಟ್ಟರು ಅಂತ ಬರುವ ಕಡೆ ಗ್ರೀಕಿನಲ್ಲಿ ಬಳಸಿರುವ ಕ್ರಿಯಾಪದ ‘ಸ್ಪ್ಲಾಂಖ್ನ’ದಿಂದ ಬಂದದ್ದು. ಸ್ಪ್ಲಾಂಖ್ನ ಅಂದರೆ ಕರುಳು. ಆಸ್ತಿಯೆಲ್ಲ ಹಾಳುಮಾಡಿ ವಾಪಸ್ ಬರ್ತಿರೋ ಮಗನನ್ನ ದೂರದಿಂದಲೇ ಕಂಡ ಅಪ್ಪನಿಗೆ ಆಗೋದು ಅದೇ. ಕರುಳು ಚುರುಕ್ ಅನ್ನೋದನ್ನ ಕನ್ನಡದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೆತ್ತ ಕರುಳು ಅಂತೀವಿ, ಕರುಳಿನ ಕೂಗು ಅಂತೀವಿ. ನಿಯಮಕ್ಕೆ ಕರುಳಿರಲ್ಲ. ಕ್ರೈಸ್ತರು ದೇವರನ್ನ ನ್ಯಾಯಾಧೀಶ ಅನ್ನುವಾಗ ಹೇಳ್ತಿರೋದು, ಈ ವಿಶ್ವದ ಲೆಕ್ಕಪತ್ರ ನೋಡ್ತಿರೋದು ಕರುಳಿರುವ ಯಾರೋ ಒಬ್ಬರು ಅಂತ. ಅದು ನಿಜವೋ ಸುಳ್ಳೋ ಬೇರೆ ಪ್ರಶ್ನೆ. ಆದರೆ ಕ್ಷಮೆ ಅನ್ನೋದು ಇರಬೇಕಾದರೆ ಕ್ಷಮಿಸುವ ಒಬ್ಬರು ಇರಲೇಬೇಕು, ವ್ಯವಸ್ಥೆಯಿಂದ ಅದು ಆಗಲ್ಲ. ಈ ತರ್ಕ ನನಗೆ ಸರಿ ಅನ್ನಿಸುತ್ತೆ.

ನಮ್ಮ ಸಂವಿಧಾನ ಬರೆದವರಿಗೂ ಇದು ಹೊಳೆದಿತ್ತು. ನ್ಯಾಯಾಲಯ, ಮೇಲ್ಮನವಿ, ಮರುಪರಿಶೀಲನೆ ಎಲ್ಲ ಇಟ್ಟ ಮೇಲೂ 72ನೇ ವಿಧಿಯಲ್ಲಿ ರಾಷ್ಟ್ರಪತಿಗೆ, 161ನೇ ವಿಧಿಯಲ್ಲಿ ರಾಜ್ಯಪಾಲರಿಗೆ ಕ್ಷಮಾದಾನದ ಅಧಿಕಾರ ಕೊಟ್ಟರು. ಕಾನೂನಿನ ಕೆಲಸ ಮುಗಿದ ಮೇಲೆ ಮನುಷ್ಯನೊಬ್ಬನಿಗೆ ಜಾಗ. (ಮಂತ್ರಿಮಂಡಲದ ಸಲಹೆಯಂತೆಯೇ ನಡೀಬೇಕು ಅನ್ನೋದು ಬೇರೆ ಮಾತು.) ನಮ್ಮ ರಾಜ್ಯದ್ದೇ ಉದಾಹರಣೆ: 1993ರ ಏಪ್ರಿಲ್‌ನಲ್ಲಿ ಪಾಲಾರ್ ಹತ್ತಿರ ವೀರಪ್ಪನ್ ಗುಂಪು ಇಟ್ಟ ನೆಲಬಾಂಬಿಗೆ 22 ಜನ ಸತ್ತರು. ಮೈಸೂರಿನ ವಿಶೇಷ ನ್ಯಾಯಾಲಯ ನಾಲ್ವರಿಗೆ ಜೀವಾವಧಿ ಕೊಟ್ಟಿತ್ತು, 2004ರಲ್ಲಿ ಸುಪ್ರೀಂ ಕೋರ್ಟು ಅದನ್ನ ಗಲ್ಲಿಗೆ ಏರಿಸಿತು. ಕ್ಷಮಾದಾನದ ಅರ್ಜಿ ಒಂಬತ್ತು ವರ್ಷ ಕೊಳೆತು 2013ರಲ್ಲಿ ತಿರಸ್ಕಾರ ಆಯ್ತು. ನಾಲ್ವರೂ ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿದ್ದರು. 2014ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಇಷ್ಟು ವರ್ಷ ಹಗ್ಗದ ಕೆಳಗೆ ಕಾಯಿಸಿದ್ದೇ ಹಿಂಸೆ ಅಂತ ಹೇಳಿ, ಇವರದ್ದೂ ಸೇರಿ ಹದಿನೈದು ಜನರ ಗಲ್ಲನ್ನ ಜೀವಾವಧಿಗೆ ಇಳಿಸಿತು. ಒಳ್ಳೆಯ ತೀರ್ಪು. ಆದರೆ ಅದು ಕರುಣೆ ಅಲ್ಲ, ಲೆಕ್ಕ. ಕಾದ ವರ್ಷಗಳನ್ನ ಶಿಕ್ಷೆಯಿಂದ ಕಳೆದದ್ದು. ಕೋರ್ಟಿಗೆ ಕೊಡೋಕೆ ಸಾಧ್ಯ ಇರೋದೂ ಅಷ್ಟೇ, ಕರುಣೆ ಅದರ ಇಲಾಖೆ ಅಲ್ಲ.

ಹಾಗಾದರೆ ಲೆಕ್ಕ ಅಲ್ಲದ ಕರುಣೆ ಹೇಗಿರುತ್ತೆ? ಯೇಸು ಒಂದು ಸಾಲದ ಕಥೆ ಹೇಳ್ತಾನೆ, ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದಲ್ಲಿದೆ. ಒಬ್ಬ ಸೇವಕ ರಾಜನಿಗೆ ಹತ್ತು ಸಾವಿರ ತಲಾಂತು ಬಾಕಿ. ಒಂದು ತಲಾಂತು ಅಂದರೆ ಸುಮಾರು ಆರು ಸಾವಿರ ದಿನದ ಕೂಲಿ. ಗುಣಿಸಿ ನೋಡಿ: ಆರು ಕೋಟಿ ದಿನದ ಕೂಲಿ. ವರ್ಷಕ್ಕೆ 300 ದಿನ ದುಡಿದರೂ ಎರಡು ಲಕ್ಷ ವರ್ಷದ ಇಎಂಐ. ಅವನು ಕಾಲಿಗೆ ಬಿದ್ದು ಕೇಳೋದು ಮನ್ನಾ ಅಲ್ಲ, ಟೈಮು. ಎಲ್ಲ ತೀರಿಸ್ತೀನಿ ಅಂತಾನೆ! ರಾಜನಿಗೆ ಕರುಳು ಚುರುಕ್ ಅಂದು ಇಡೀ ಸಾಲ ಬಿಟ್ಟುಬಿಡ್ತಾನೆ. ಈ ಸೇವಕ ಹೊರಗೆ ಬಂದವನೇ, ತನಗೆ ನೂರು ದಿನಾರಿ ಕೊಡಬೇಕಾಗಿದ್ದ ಜೊತೆಗಾರನ ಕುತ್ತಿಗೆ ಹಿಡಿದು ಜೈಲಿಗೆ ಹಾಕಿಸ್ತಾನೆ. ರಾಜನಿಗೆ ಗೊತ್ತಾಗಿ ಮನ್ನಾ ರದ್ದು, ಇವನೂ ಜೈಲಿಗೆ.

ಪ್ರವಚನ ಮಾಡುವವರು ಸಾಮಾನ್ಯವಾಗಿ ನೂರು ದಿನಾರಿಯನ್ನ ಚಿಲ್ಲರೆ ಅನ್ನೋ ಹಾಗೆ ಹೇಳಿ ಮುಂದೆ ಹೋಗ್ತಾರೆ. ಅದು ಚಿಲ್ಲರೆ ಅಲ್ಲ. ದಿನಾರಿ ಅಂದರೆ ಒಂದು ದಿನದ ಕೂಲಿ, ನೂರು ದಿನಾರಿ ಅಂದರೆ ನಾಲ್ಕು ತಿಂಗಳ ಸಂಬಳ. ಬೆಂಗಳೂರಿನಲ್ಲಿ ಬಾಡಿಗೆ ಕಟ್ಟೋ ಯಾರಿಗಾದರೂ ನಾಲ್ಕು ತಿಂಗಳ ಸಂಬಳ ಅಂದರೆ ಏನು ಅಂತ ಗೊತ್ತು. ನನ್ನ ಗೆಳತಿಯ 1,80,000 ಹೆಚ್ಚುಕಮ್ಮಿ ಅಷ್ಟೇ. ಕಥೆ ಅವಳ ನಷ್ಟವನ್ನ ಸುಳ್ಳು ಅಂತ ಹೇಳಲ್ಲ.

ಇನ್ನೊಂದು ವಿಷಯ ಆ ಕಥೆಯಲ್ಲಿ ಬಾಯಿಬಿಟ್ಟು ಹೇಳಿಲ್ಲ, ಆದರೆ ಇದೆ. ಆ ಹತ್ತು ಸಾವಿರ ತಲಾಂತು ಎಲ್ಲಿಗೆ ಹೋಯ್ತು? ಕರ್ನಾಟಕದಲ್ಲಿ ಬೆಳೆದವರಿಗೆ ಸಾಲಮನ್ನಾ ಹೊಸದಲ್ಲ, 2018ರಲ್ಲಿ ಕುಮಾರಸ್ವಾಮಿ ಸರ್ಕಾರ ಮಾಡಿದ್ದು ನೆನಪಿರಬೇಕು. ಮನ್ನಾ ಆದ ಸಾಲ ಗಾಳಿಗೆ ಹೋಗಲ್ಲ. ಬ್ಯಾಂಕಿಗೆ ಅದನ್ನ ಖಜಾನೆ ಕಟ್ಟಬೇಕು. ಕಥೆಯ ರಾಜ ಬೇರೆ ಯಾರ ಖಜಾನೆಯಿಂದಲೂ ಕಟ್ಟಿಸಲಿಲ್ಲ, ಅಷ್ಟನ್ನೂ ತಾನೇ ನುಂಗಿಕೊಂಡ. ಕ್ಷಮೆ ಅಂದರೆ ಇಷ್ಟೇ: ಪೆಟ್ಟು ತಿಂದವರೇ ಖರ್ಚನ್ನೂ ಹಾಕಿಕೊಳ್ಳೋದು. ಶಿಲುಬೆಯ ಬಗ್ಗೆ ಕ್ರೈಸ್ತರು ಹೇಳೋದೂ ಕೊನೆಗೆ ಇದೇ, ತೀರ್ಪು ಕೊಡಬೇಕಾದವನೇ ಕಟಕಟೆಗೆ ಇಳಿದು ಬಂದ ಅಂತ. ಅದನ್ನ ನಂಬೋದು ಬಿಡೋದು ನಿಮಗೆ ಬಿಟ್ಟದ್ದು. ಆದರೆ ‘ಕ್ಷಮಿಸ್ಬಿಡು’ ಅಂತ ಇನ್ನೊಬ್ಬರಿಗೆ ಸಲೀಸಾಗಿ ಹೇಳುವವರು ಯಾರ ಜೇಬಿನಿಂದ ಖರ್ಚು ಮಾಡ್ತಿದ್ದೀವಿ ಅಂತ ಒಮ್ಮೆ ನೋಡಿಕೊಳ್ಳಬೇಕು.

ಈಗ ಅವಳ ಮಾತಿಗೆ ಬರೋಣ. ನನ್ನ ಹತ್ರ ಮಾಡಿದ ಸಾಲವನ್ನ ದೇವರು ಹೇಗೆ ಮನ್ನಾ ಮಾಡ್ತಾನೆ?

ದೊಡ್ಡ ನೋವಿನಲ್ಲಿ ಈ ಪ್ರಶ್ನೆ ಇನ್ನೂ ಚೂಪಾಗುತ್ತೆ. 1999ರ ಜನವರಿ 22ರ ರಾತ್ರಿ ಒಡಿಶಾದ ಮನೋಹರಪುರದಲ್ಲಿ, ಜೀಪಿನಲ್ಲಿ ಮಲಗಿದ್ದ ಗ್ರಹಾಂ ಸ್ಟೇನ್ಸ್ ಅವರನ್ನೂ ಅವರ ಇಬ್ಬರು ಗಂಡುಮಕ್ಕಳನ್ನೂ ಗುಂಪೊಂದು ಜೀವಂತ ಸುಟ್ಟಿತು. ಫಿಲಿಪ್‌ಗೆ ಹತ್ತು ವರ್ಷ, ತಿಮೋತಿಗೆ ಆರು. ಸ್ಟೇನ್ಸ್ 1965ರಿಂದ ಅಲ್ಲಿ ಕುಷ್ಠರೋಗಿಗಳ ಸೇವೆಯಲ್ಲಿದ್ದವರು. ಹೆಂಡತಿ ಗ್ಲಾಡಿಸ್, ಕೊಂದವರನ್ನ ಕ್ಷಮಿಸಿದ್ದೇನೆ ಅಂದರು. ಅಷ್ಟಕ್ಕೇ ನಿಲ್ಲಿಸಿದರೆ ಇದು ಫಾರ್ವರ್ಡ್ ಮೆಸೇಜಿನ ಕಥೆ ಆಗುತ್ತೆ. ಗ್ಲಾಡಿಸ್ ಇನ್ನೊಂದನ್ನೂ ಸ್ಪಷ್ಟವಾಗಿ ಹೇಳ್ತಾ ಬಂದರು: ಕ್ಷಮೆ ಬೇರೆ, ಅಪರಾಧಕ್ಕೆ ಕಾನೂನು ಕೊಡುವ ಫಲ ಬೇರೆ, ಎರಡನ್ನೂ ಬೆರೆಸಬೇಡಿ ಅಂತ. ದಾರಾ ಸಿಂಗ್‌ಗೆ ಕೆಳಗಿನ ಕೋರ್ಟು ಗಲ್ಲು ವಿಧಿಸಿತ್ತು. 2005ರಲ್ಲಿ ಹೈಕೋರ್ಟು ಅದನ್ನ ಜೀವಾವಧಿಗೆ ಇಳಿಸಿತು, 2011ರಲ್ಲಿ ಸುಪ್ರೀಂ ಕೋರ್ಟು ಜೀವಾವಧಿಯನ್ನೇ ಎತ್ತಿಹಿಡಿಯಿತು. ಗ್ಲಾಡಿಸ್ ಮಗಳ ಜೊತೆ ಇನ್ನೂ ಕೆಲವು ವರ್ಷ ಅದೇ ಕುಷ್ಠರೋಗಿಗಳ ನಡುವೆ ಇದ್ದರು.

ಗ್ಲಾಡಿಸ್ ತಮ್ಮ ಪಾಲಿನ ನೋವನ್ನ ಕ್ಷಮಿಸಬಹುದು. ಆರು ವರ್ಷದ ತಿಮೋತಿಯ ಪರವಾಗಿ? ದಾಸ್ತಯೇವ್ಸ್ಕಿಯ ‘ಕರಮಜೋವ್ ಸಹೋದರರು’ ಕಾದಂಬರಿಯಲ್ಲಿ ಇವಾನ್ ಎತ್ತುವ ಆಕ್ಷೇಪ ಇದೇ. ಮಗುವನ್ನ ಕಳಕೊಂಡ ತಾಯಿ ತನ್ನ ಸಂಕಟವನ್ನ ಕ್ಷಮಿಸಲಿ, ಮಗು ಪಟ್ಟ ಹಿಂಸೆಯನ್ನ ಕ್ಷಮಿಸೋಕೆ ಅವಳಿಗೇ ಹಕ್ಕಿಲ್ಲ ಅಂತಾನೆ. ಆ ಸ್ವರ್ಗದ ಟಿಕೆಟ್ಟೇ ನನಗೆ ಬೇಡ ಅನ್ನೋ ಮಟ್ಟಕ್ಕೆ ಹೋಗ್ತಾನೆ. ನನ್ನ ಗೆಳತಿ ಆ ಕಾದಂಬರಿ ಓದಿಲ್ಲ, ಆದರೆ ಅಮ್ಮನಿಗೆ ಹೇಳಿದ್ದು ಅದನ್ನೇ.

ತೀರ್ಪು ಅನ್ನೋ, ನಾವು ಮುಖ ಕಿವುಚುವ ಆ ಮಾತು ಉಪಯೋಗಕ್ಕೆ ಬರೋದು ಇಲ್ಲೇ. ಪೋಪ್ 16ನೇ ಬೆನೆಡಿಕ್ಟ್ 2007ರಲ್ಲಿ ಭರವಸೆಯ ಬಗ್ಗೆ ಬರೆದ ಸುತ್ತೋಲೆಯಲ್ಲಿ ದಾಸ್ತಯೇವ್ಸ್ಕಿಯನ್ನೇ ನೆನೆದು ಹೇಳ್ತಾರೆ: ಕೊನೆಗೆ ಸ್ವರ್ಗದ ಊಟದ ಪಂಕ್ತಿಯಲ್ಲಿ ಹಿಂಸೆ ಕೊಟ್ಟವರೂ ಹಿಂಸೆ ತಿಂದವರೂ ಏನೂ ಆಗೇ ಇಲ್ಲ ಅನ್ನೋ ಹಾಗೆ ಅಕ್ಕಪಕ್ಕ ಕೂತು ಉಣ್ಣೋದಿಲ್ಲ ಅಂತ. ಕೃಪೆ ಅನ್ನೋದು ಎಲ್ಲವನ್ನೂ ಒರೆಸಿ ಹಾಕುವ ಬಟ್ಟೆ ಅಲ್ಲ ಅಂತ. ಅಂದರೆ ಆ ನಂಬಿಕೆಯ ಪ್ರಕಾರ ಅಂತಿಮ ತೀರ್ಪು ಇರೋದು ಪಾಪಿಯನ್ನ ಹೆದರಿಸೋಕೆ ಅನ್ನೋದಕ್ಕಿಂತ ಸತ್ತವರ ಅಹವಾಲು ಕೇಳೋಕೆ. ಯಾರ ಎಫ್‌ಐಆರ್ ಯಾವ ಠಾಣೆಯಲ್ಲೂ ಬರೆದುಕೊಳ್ಳಲಿಲ್ಲವೋ ಅವರದ್ದು ಅಲ್ಲಿ ಬರೆದಿರುತ್ತೆ. ತೀರ್ಪನ್ನ ತೆಗೆದು ಬರೀ ಕರುಣೆ ಇಟ್ಟುಕೊಂಡರೆ ಮೊದಲ ಏಟು ಬೀಳೋದು ತಿಮೋತಿಗೆ. ‘ಎಲ್ಲ ಬಿಟ್ಟುಬಿಡಿ, ಮುಂದೆ ಹೋಗೋಣ’ ಅಂತ ಮೊದಲು ಹೇಳುವವರು ಯಾವಾಗಲೂ ಪೆಟ್ಟು ತಿನ್ನದವರೇ ಅನ್ನೋದನ್ನ ನೀವೂ ಗಮನಿಸಿರ್ತೀರಿ, ಆಫೀಸಿನಲ್ಲಾದರೂ, ಊರಿನಲ್ಲಾದರೂ, ಗಲಭೆ ಆದ ಮೇಲಾದರೂ.

ಇಷ್ಟು ಒಪ್ಪಿದ ಮೇಲೂ ನನಗೆ ಗಂಟಲಲ್ಲಿ ಸಿಕ್ಕಿಕೊಳ್ಳೋದು ನರಕ. ಎಪ್ಪತ್ತು ವರ್ಷದ ಬದುಕಿನಲ್ಲಿ ಮಾಡಿದ ತಪ್ಪಿಗೆ ಕೊನೆಯೇ ಇಲ್ಲದ ಶಿಕ್ಷೆ ಅನ್ನೋದು ಯಾವ ಕೋರ್ಟಿನ ತಕ್ಕಡಿಗೂ ಹೊಂದಲ್ಲ. ಕ್ರೈಸ್ತರೊಳಗೇ ಇದಕ್ಕೆ ತಕರಾರು ತೆಗೆದವರಿದ್ದಾರೆ. ಅದಕ್ಕೆ ಒಂದು ಸುತ್ತು ಹಾಕಬೇಕು. ಬೈಬಲಿನಲ್ಲಿ ಯೋನ ಅನ್ನೋ ಪ್ರವಾದಿಯ ಪುಟ್ಟ ಪುಸ್ತಕ ಇದೆ. ಮೀನಿನ ಹೊಟ್ಟೆ ಸೇರಿದವನು ಅಂತ ಎಲ್ಲರಿಗೂ ಗೊತ್ತು, ಆದರೆ ಮೀನು ಆ ಕಥೆಯ ಅಂಥಾ ದೊಡ್ಡ ವಿಷಯ ಅಲ್ಲ. ನಿನೆವೆ ಅನ್ನೋ ಕ್ರೂರ ಪಟ್ಟಣ ನಲವತ್ತು ದಿನದಲ್ಲಿ ನಾಶ ಆಗುತ್ತೆ ಅಂತ ಸಾರಿದ ಯೋನ, ಅಲ್ಲಿಯವರು ಪಶ್ಚಾತ್ತಾಪಪಟ್ಟು ದೇವರು ಮನಸ್ಸು ಬದಲಾಯಿಸಿದಾಗ, ಸಿಟ್ಟಾಗ್ತಾನೆ. ನೀನು ಹೀಗೇ ಮಾಡ್ತೀಯ ಅಂತ ನನಗೆ ಮೊದಲೇ ಗೊತ್ತಿತ್ತು ಅಂತ ದೇವರ ಮೇಲೇ ಹರಿಹಾಯ್ತಾನೆ. ಊರ ಹೊರಗೆ ಬಿಸಿಲಲ್ಲಿ ಕೂತು, ಇನ್ನಾದರೂ ಸುಡಬಹುದಾ ಅಂತ ಕಾಯ್ತಾನೆ. ನಾವು ಹಾಕಿದ ಪೋಸ್ಟಿಗೆ ತಕ್ಕ ಹಾಗೆ ಒಬ್ಬನ ಕೆಲಸ ಹೋಗಲಿ ಅಂತ ಫೋನು ರಿಫ್ರೆಶ್ ಮಾಡ್ತಾ ಕೂರ್ತೀವಲ್ಲ, ಹಾಗೇ. ಆ ಪುಸ್ತಕ ಒಂದು ಪ್ರಶ್ನೆಯ ಮೇಲೆ ನಿಲ್ಲುತ್ತೆ: ಎಡಗೈ ಬಲಗೈ ಗೊತ್ತಿಲ್ಲದ ಒಂದು ಲಕ್ಷ ಇಪ್ಪತ್ತು ಸಾವಿರ ಜನ ಅಲ್ಲಿದ್ದಾರೆ, ದನಕರುಗಳೂ ಇವೆ, ನಾನು ಕನಿಕರಪಡಬಾರದಾ ಅಂತ. ಯೋನ ಉತ್ತರ ಕೊಟ್ಟನೋ ಇಲ್ಲವೋ ಬರೆದಿಲ್ಲ. ದನಕರುಗಳನ್ನ ಸೇರಿಸಿದ್ದು ನನಗೆ ಬಹಳ ಇಷ್ಟ.

ಅದೇ ನಿನೆವೆಗೆ ಏಳನೇ ಶತಮಾನದಲ್ಲಿ ಐಸಾಕ್ ಅನ್ನೋ ಸಿರಿಯನ್ ಸಂನ್ಯಾಸಿ ಬಿಷಪ್ ಆಗಿ ಬಂದರು. ಐದು ತಿಂಗಳಿಗೇ ರಾಜೀನಾಮೆ ಕೊಟ್ಟು ಬೆಟ್ಟ ಸೇರಿದರು ಅನ್ನೋದು ಪಕ್ಕದ ಮಾತು. ಅವರು ಬರೆದದ್ದು ಇದು: ನರಕದಲ್ಲಿ ಉರಿಯೋದು ಬೇರೆ ಬೆಂಕಿ ಅಲ್ಲ, ದೇವರ ಪ್ರೀತಿಯೇ. ಆ ಪ್ರೀತಿಗೆ ದ್ರೋಹ ಮಾಡಿದೆ ಅಂತ ಗೊತ್ತಾದಾಗ ಆಗುವ ಉರಿ. ನಮ್ಮಲ್ಲಿ ಗಂಗರು ಆಳುತ್ತಿದ್ದ ಕಾಲ ಅದು. ಆ ಉರಿಗೂ ಕೊನೆ ಇದೆ ಅನ್ನೋ ಆಸೆ ಐಸಾಕರಿಗಿತ್ತು. ಎಲ್ಲ ಚರ್ಚುಗಳೂ ಅದನ್ನ ಒಪ್ಪಿಲ್ಲ. ನನಗೆ ಒಪ್ಪಿಗೆ.

ಆದರೆ ಗೊತ್ತಾದ ಉರಿಯನ್ನ ಒಬ್ಬರೇ ತಡೆಯೋಕಾಗುತ್ತಾ? ನಾವೆಲ್ಲ ಚಿಕ್ಕಂದಿನಲ್ಲಿ ಕೇಳಿ ಅತ್ತ ಪುಣ್ಯಕೋಟಿಯ ಕಥೆಯಲ್ಲಿ ಹುಲಿಯ ಗತಿ ಏನಾಯ್ತು ನೆನಪಿಸಿಕೊಳ್ಳಿ. ಹಸು ಮಾತಿಗೆ ತಪ್ಪದೆ ವಾಪಸ್ ಬಂತು. ಹುಲಿಗೆ ತನ್ನ ಕ್ರೌರ್ಯ ಕಂಡಿತು. ಹಾರಿ ಪ್ರಾಣ ಬಿಟ್ಟಿತು. ನಾವು ಹಸುವಿಗಾಗಿ ಅತ್ತೆವು. ಹಸಿದಿದ್ದೊಂದೇ ತಪ್ಪು ಆ ಹುಲಿಯದು, ಪಾಪ. ಅದಕ್ಕೆ ‘ಹೋಗಲಿ ಬಿಡಪ್ಪ, ಮನ್ನಿಸಿದ್ದೀನಿ, ಮನೆಗೆ ಹೋಗು’ ಅಂತ ಹೇಳೋಕೆ ಕಥೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ತಪ್ಪು ಅರಿವಾದ ಮೇಲೆ ಸಾಯೋದೇ ಮರ್ಯಾದೆ ಅಂತ ಆರನೇ ವಯಸ್ಸಿಗೇ ಕಲಿತುಬಿಟ್ಟೆವಾ ಅಂತ ಒಮ್ಮೊಮ್ಮೆ ಅನ್ನಿಸುತ್ತೆ.

ಯೇಸುವಿನ ಶಿಷ್ಯರಲ್ಲೂ ಇಂಥ ಒಬ್ಬನಿದ್ದ. ಯೂದ ಗುರುವನ್ನ ಮೂವತ್ತು ಬೆಳ್ಳಿ ನಾಣ್ಯಕ್ಕೆ ಹಿಡಿದುಕೊಟ್ಟ. ಆಮೇಲೆ ಅವನಿಗೆ ಉರಿ ಶುರುವಾಯ್ತು. ದುಡ್ಡು ವಾಪಸ್ ತಗೊಂಡು ಹೋಗಿ, ತಪ್ಪು ಮಾಡಿದೆ ಅಂತ ಯಾಜಕರ ಮುಂದೆ ಒಪ್ಪಿಕೊಂಡ. ಇದನ್ನ ಬಹಳ ಜನ ಮರೀತಾರೆ. ಯಾಜಕರು, ಅದು ನಮ್ಮ ವಿಷಯ ಅಲ್ಲ, ನಿನ್ನ ಪಾಡು ನೀನು ನೋಡ್ಕೋ ಅನ್ನುವ ಹಾಗೆ ಮಾತಾಡಿ ಕಳಿಸಿದರು. ಅವನು ಹೋಗಿ ನೇಣು ಹಾಕಿಕೊಂಡ. ಅದೇ ರಾತ್ರಿ ಪೇತ್ರ, ಆ ಮನುಷ್ಯ ಯಾರೋ ನನಗೆ ಗೊತ್ತೇ ಇಲ್ಲ ಅಂತ ಮೂರು ಸಲ ಆಣೆ ಇಟ್ಟು ಹೇಳಿದ್ದ. ಇಬ್ಬರ ತಪ್ಪನ್ನ ತೂಗಿದರೆ ಯಾವುದು ಹೆಚ್ಚು ಅಂತ ವಾದ ಮಾಡಬಹುದು. ಆದರೆ ಯೂದ ಮೂರು ದಿನ ಕಾದಿದ್ದರೆ ಏನಾಗ್ತಿತ್ತು ಅಂತ ಕೇಳದ ಕ್ರೈಸ್ತರಿಲ್ಲ. ಪೇತ್ರ ಕಾದ.

ಯೋಹಾನನ ಸುವಾರ್ತೆ ಇಲ್ಲೊಂದು ಸೂಕ್ಷ್ಮ ಕೆಲಸ ಮಾಡುತ್ತೆ. ಪೇತ್ರ ಗೊತ್ತಿಲ್ಲ ಅಂದಿದ್ದು ಚಳಿ ಕಾಯಿಸ್ತಾ ನಿಂತಿದ್ದ ಇದ್ದಿಲು ಬೆಂಕಿಯ ಪಕ್ಕ. ಕೊನೆಯ ಅಧ್ಯಾಯದಲ್ಲಿ, ಸತ್ತು ಎದ್ದು ಬಂದ ಯೇಸು ಕೆರೆಯ ದಂಡೆಯಲ್ಲಿ ಮೀನು ಸುಡ್ತಿರ್ತಾನೆ. ಅದೂ ಇದ್ದಿಲು ಬೆಂಕಿ. ಇಡೀ ಹೊಸ ಒಡಂಬಡಿಕೆಯಲ್ಲಿ ಇದ್ದಿಲು ಬೆಂಕಿಯ ಆ ಗ್ರೀಕ್ ಪದ ಬರೋದು ಈ ಎರಡೇ ಕಡೆ. ವಾಸನೆ ಸಾಕು, ಪೇತ್ರನಿಗೆ ಎಲ್ಲ ನೆನಪಾಗಿರಬೇಕು. ಮೊದಲು ತಿಂಡಿ ತಿನ್ನಿ ಅಂತಾನೆ. ತಿಂದಾದ ಮೇಲೆ ಕೇಳ್ತಾನೆ, ನನ್ನ ಮೇಲೆ ಪ್ರೀತಿ ಇದೆಯಾ ಅಂತ. ಒಂದಲ್ಲ, ಮೂರು ಸಲ. ಮೂರನೇ ಸಲ ಪೇತ್ರನಿಗೆ ನೋವಾಯ್ತು ಅಂತ ಬರೆದಿದೆ. ಆ ರಾತ್ರಿ ಹಾಗೆ ಯಾಕೆ ಮಾಡಿದೆ ಅನ್ನೋ ಮಾತು ಬರಲೇ ಇಲ್ಲ, ಏನೂ ಆಗಿಲ್ಲ ಬಿಡು ಅನ್ನೋ ಮಾತೂ ಬರಲಿಲ್ಲ. ಪ್ರತಿ ಸಲವೂ ಕುರಿಗಳನ್ನ ನೋಡ್ಕೋ ಅಂತ ಒಂದು ಕೆಲಸ ಕೊಟ್ಟ.

ಮೊನ್ನೆ ಗೆಳತಿ ಆ ಹುಡುಗನ ಮೆಸೇಜಿಗೆ ಉತ್ತರ ಬರೆದಳಂತೆ. ಕ್ಷಮಿಸಿದೀನಿ ಅಂತ ಬರೆದಿಲ್ಲ, ಕ್ಷಮಿಸಲ್ಲ ಅಂತಲೂ ಬರೆದಿಲ್ಲ. ಯಾರ್ಯಾರ ಹತ್ತಿರ ಎಷ್ಟೆಷ್ಟು, ಏನು ಹೇಳಿ ತಗೊಂಡಿದ್ದೆ, ಪಟ್ಟಿ ಮಾಡಿ ಕಳಿಸು ಅಂತ ಕೇಳಿದಳು. ಎರಡು ದಿನ ಏನೂ ಇಲ್ಲ. ಮೂರನೇ ದಿನ ಬಂತು. ಹದಿನಾಲ್ಕು ಹೆಸರಿತ್ತು, ಅವಳದ್ದು ಒಂಬತ್ತನೆಯದು. ಕೊನೆಯ ಹೆಸರು ಅವನ ಅಪ್ಪನದು.